ತೂಬು ಯಾರ ಕೈಲಿದೆ: ಫ್ಯಾಂಟಸಿ, ಸೈನ್ಸ್ ಫಿಕ್ಷನ್ ಓದಿದ ನನ್ನ ಒಂದು ವರ್ಷ

ಹೋದ ವರ್ಷ ಪೂರ್ತಿ ನಾನು ಮನಸ್ಸಿಗೆ ಅಂತ ಓದಿದ್ದೆಲ್ಲ ಫ್ಯಾಂಟಸಿ ಮತ್ತು ಸೈನ್ಸ್ ಫಿಕ್ಷನ್ ಕಾದಂಬರಿಗಳೇ. ನಾನು ಮಂಡ್ಯದವಳು. ಮೈಸೂರಿನ ಒಂದು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತೇನೆ. ದಿನಾ ರೈಲಿನಲ್ಲಿ ಓಡಾಟ. ಯಲಿಯೂರು ದಾಟುವಷ್ಟರಲ್ಲಿ ಸೀಟು ಸಿಕ್ಕಿದರೆ ನಾಗನಹಳ್ಳಿವರೆಗೂ ಆರಾಮಾಗಿ ಓದಬಹುದು. ನನ್ನ ಓದಿನ ಮುಕ್ಕಾಲು ಪಾಲು ನಡೆದದ್ದು ಅಲ್ಲೇ. ಕ್ಲಾಸಿನ ಹುಡುಗರು ಸಿನಿಮಾ ನೋಡಿ ಬಂದು ವರ್ಮ್‌ಹೋಲ್ ಬಗ್ಗೆ, ಬೇರೆ ಗ್ರಹಗಳ ಬಗ್ಗೆ ಕೇಳುತ್ತಿದ್ದರು. ಆ ಕಥೆಗಳ ಮೂಲಕ್ಕೇ ಹೋಗಿ ನೋಡೋಣ ಅಂತ ಶುರು ಮಾಡಿದೆ. ಕೆಲವು ಪುಸ್ತಕ ಹುಡುಗರೇ ತಂದುಕೊಟ್ಟರು. ಕೆಲವನ್ನು ಹಳೇ ಪುಸ್ತಕದ ರಾಶಿಯಲ್ಲಿ ಹುಡುಕಿದೆ, ಉಳಿದದ್ದು ಕಿಂಡಲ್‌ನಲ್ಲಿ.

ಈ ಬಗೆಯ ಪುಸ್ತಕ ಹಿಡಿದವರಿಗೆ ಮೊದಲು ಎದುರಾಗುವುದು ಗೊತ್ತಿಲ್ಲದ ಹೆಸರುಗಳು. ಮೊದಲ ಪುಟದಲ್ಲೇ ಹತ್ತು ಹೆಸರು, ಐದು ಊರು, ಅರ್ಥವಾಗದ ನಾಲ್ಕು ಪದವಿ. ನಾನು ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ. ಇಂಗ್ಲಿಷ್ ಕಾದಂಬರಿ ಅಂದರೆ ಪಕ್ಕದಲ್ಲಿ ಡಿಕ್ಷನರಿ ಇರಲೇಬೇಕು ಅನ್ನುವ ಅಳುಕು ನಮ್ಮಂಥ ಬಹಳ ಜನಕ್ಕೆ ಇದೆ. ಇಲ್ಲಿ ಅದು ಬೇಕಿಲ್ಲ. ಲೇಖಕರು ಕಟ್ಟಿದ ಆ ಊರಿಗೆ ಲಂಡನ್ನಿನವರೂ ಹೊಸಬರೇ, ಮದ್ದೂರಿನವರೂ ಹೊಸಬರೇ. ನಾನು ಮಾಡಿದ್ದು ಇಷ್ಟು: ಗೊತ್ತಾಗದ ಪದ ಬಂದರೆ ನಿಲ್ಲದೆ ಮುಂದೆ ಹೋಗುವುದು. ನೂರು ಪುಟ ಆದಮೇಲೆ ವಾಪಸ್ ಬಂದು ಮೊದಲ ಅಧ್ಯಾಯವನ್ನು ಇನ್ನೊಂದು ಸಲ ಓದುವುದು. ಎರಡನೇ ಸಲ ಓದುವಾಗ ಎಲ್ಲವೂ ತಾನಾಗಿ ತಿಳಿಯುತ್ತದೆ. ಮೊದಲು ಕಣ್ಣಿಗೆ ಬೀಳದ ಸಣ್ಣ ಮಾತೊಂದು ಮುಂದಿನ ದೊಡ್ಡ ಘಟನೆಯ ಸುಳಿವಾಗಿತ್ತು ಅಂತ ಗೊತ್ತಾದಾಗ ಆಗುವ ಖುಷಿಯೇ ಬೇರೆ.

ಓದಿನ ದಿಕ್ಕು ಬದಲಾದದ್ದು ಫ್ರಾಂಕ್ ಹರ್ಬರ್ಟ್ ಅವರ ‘ಡ್ಯೂನ್’ ಓದುವಾಗ. 1965ರ ಕಾದಂಬರಿ. ಇಪ್ಪತ್ತಕ್ಕೂ ಜಾಸ್ತಿ ಪ್ರಕಾಶಕರು ಬೇಡ ಅಂದಮೇಲೆ, ಕಾರು ರಿಪೇರಿ ಕೈಪಿಡಿಗಳಿಗೆ ಹೆಸರಾದ ಚಿಲ್ಟನ್ ಎನ್ನುವ ಸಂಸ್ಥೆ ಅದನ್ನು ಅಚ್ಚು ಹಾಕಿತು. ಅಮೆರಿಕದ ಆರೆಗನ್ ರಾಜ್ಯದ ಫ್ಲಾರೆನ್ಸ್ ಎಂಬ ಊರಿನ ಬಳಿ ಹುಲ್ಲು ನೆಟ್ಟು ಮರಳು ದಿಬ್ಬಗಳನ್ನು ತಡೆದು ನಿಲ್ಲಿಸುವ ಕೆಲಸ ನಡೆದಿತ್ತು. ಅದರ ಬಗ್ಗೆ ಲೇಖನ ಬರೆಯಲು ಹೋದ ಹರ್ಬರ್ಟ್ ಅವರಿಗೆ ಈ ಕಾದಂಬರಿಯ ಬೀಜ ಸಿಕ್ಕಿತು. ಮರುಭೂಮಿಯಲ್ಲಿ ದುಡಿಯುವ ಪರಿಸರ ವಿಜ್ಞಾನಿಗಳಿಗೇ ಅವರು ಪುಸ್ತಕವನ್ನು ಅರ್ಪಿಸಿದ್ದಾರೆ.

ಅರಾಕಿಸ್ ಎನ್ನುವ ಗ್ರಹದಲ್ಲಿ ಮಳೆಯೇ ಇಲ್ಲ. ಅಲ್ಲಿನ ಫ್ರೆಮೆನ್ ಜನ ಮೈಗೆ ಅಂಟುವ ಒಂದು ಉಡುಪು ಹಾಕುತ್ತಾರೆ. ಬೆವರು, ಉಸಿರಿನ ತೇವ, ಮೂತ್ರ ಎಲ್ಲವನ್ನೂ ಅದು ಹಿಡಿದು ಸೋಸಿ, ಕುತ್ತಿಗೆಯ ಹತ್ತಿರದ ಕೊಳವೆಗೆ ಮತ್ತೆ ಕುಡಿಯುವ ನೀರಾಗಿ ಕೊಡುತ್ತದೆ. ನಡೆದಾಡುವ ಚಲನೆಯಿಂದಲೇ ಅದರ ಪಂಪು ಓಡುವುದು. ಸತ್ತವರ ದೇಹದ ನೀರು ಇಡೀ ಬಳಗದ ಆಸ್ತಿ. ಒಂದು ಕಡೆ ಫ್ರೆಮೆನ್ ನಾಯಕ, ಗ್ರಹವನ್ನು ಆಳಲು ಹೊರಗಿನಿಂದ ಬಂದ ಡ್ಯೂಕ್‌ನ ಸಭೆಗೆ ಬಂದು ಮೇಜಿನ ಮೇಲೆ ಉಗುಳುತ್ತಾನೆ. ಸುತ್ತಲಿದ್ದವರು ಕೆರಳುತ್ತಾರೆ. ಆಮೇಲೆ ತಿಳಿಯುತ್ತದೆ, ಅದು ಅವನು ಕೊಟ್ಟ ಅತಿ ದೊಡ್ಡ ಮರ್ಯಾದೆ. ತನ್ನ ಮೈಯ ನೀರನ್ನೇ ಅವನು ಕಾಣಿಕೆ ಕೊಟ್ಟಿದ್ದ. ರೈಲಿನಲ್ಲಿ ಆ ಪುಟವನ್ನು ಎರಡು ಸಲ ಓದಿದೆ.

ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ನಮ್ಮ ಜಮೀನು ಇರುವುದು ಮಳವಳ್ಳಿ ತಾಲ್ಲೂಕಿನಲ್ಲಿ, ವಿ.ಸಿ. ನಾಲೆಯ ಕೊನೆ ಭಾಗದಲ್ಲಿ. ಕೊನೆ ಭಾಗ ಅಂದರೆ ಏನು ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಮೇಲಿನವರ ಗದ್ದೆ ತುಂಬಿದಮೇಲೆ ಮಿಕ್ಕರೆ ನಮಗೆ. ಪೇಪರು ಬಂದರೆ ಅಪ್ಪ ಮೊದಲು ನೋಡುವುದು ಕೆಆರ್‌ಎಸ್ ಮಟ್ಟವನ್ನು. 124.80 ಅಡಿ ಮುಟ್ಟಿತೋ ಇಲ್ಲವೋ ಅನ್ನುವುದರ ಮೇಲೆ ಮನೆಯ ವರ್ಷದ ಲೆಕ್ಕ ನಿಂತಿದೆ. ಫ್ರೆಮೆನ್ ಜನ ನೆಲದಡಿಯ ತೊಟ್ಟಿಗಳಲ್ಲಿ ತಲೆಮಾರುಗಳಿಂದ ನೀರು ಕೂಡಿಡುತ್ತಾರೆ, ಬಾಯಾರಿ ಸಾಯುತ್ತಿದ್ದರೂ ಅದನ್ನು ಮುಟ್ಟುವುದಿಲ್ಲ, ಮುಂದೊಂದು ದಿನ ಇಡೀ ಗ್ರಹವನ್ನು ಹಸಿರು ಮಾಡಲಿಕ್ಕೆ ಅದು ಬೇಕು ಅಂತ ವಿವರಿಸಿದೆ. ಅಪ್ಪ ಪೂರ್ತಿ ಕೇಳಿ, ಒಂದೇ ಪ್ರಶ್ನೆ ಹಾಕಿದರು.

“ಅಲ್ಲ ಕನವ್ವ, ಅಷ್ಟು ನೀರು ಕೂಡಾಕವ್ರೆ ಅಂತೀಯ. ತೂಬು ಯಾರ ಕೈಲದೆ?”

ಆ ಕಾದಂಬರಿಯ ಒಳತಿರುಳೇ ಇದು. ನೀರು ಕೂಡಿಟ್ಟವರು ಒಬ್ಬರು, ಅದನ್ನು ಯಾವಾಗ ಬಿಡಬೇಕು ಅಂತ ತೀರ್ಮಾನಿಸುವವರು ಇನ್ನೊಬ್ಬರು. ಅವರ ಕನಸಿನ ಮೇಲೆ ಹೊರಗಿನಿಂದ ಬಂದ ಒಬ್ಬ ಹುಡುಗ ಹೇಗೆ ಸವಾರಿ ಮಾಡುತ್ತಾನೆ ಅನ್ನುವುದೇ ಕಥೆ. ನೂರಾರು ಪುಟ ಓದಿ ನಾನು ಹುಡುಕುತ್ತಿದ್ದುದನ್ನು ಅಪ್ಪ ಒಂದು ಮಾತಲ್ಲಿ ಕೇಳಿಬಿಟ್ಟರು. ಅವತ್ತಿಂದ ಒಂದು ನೋಟ್‌ಬುಕ್ ಇಟ್ಟೆ. ಎಡಗಡೆ ಪುಟದಲ್ಲಿ ಹೆಸರುಗಳು. ಬಲಗಡೆ ಪುಟದಲ್ಲಿ ಇಷ್ಟೇ: ಇಲ್ಲಿ ನೀರು ಎಲ್ಲಿಂದ ಬರುತ್ತೆ, ಊಟ ಎಲ್ಲಿ ಬೆಳೆಯುತ್ತೆ, ಯಾರು ಗೇಯುತ್ತಾರೆ, ತೂಬು ಯಾರ ಕೈಲಿದೆ. ಪುಸ್ತಕ ಹೊಸದಾದರೂ ಪ್ರಶ್ನೆ ಮಾತ್ರ ಬದಲಾಗಲಿಲ್ಲ.

ಈ ಪ್ರಶ್ನೆ ಹಿಡಿದು ಹೊರಟರೆ ಬಹಳ ಪುಸ್ತಕಗಳು ನೂರು ಪುಟದೊಳಗೇ ಕೈ ಬಿಟ್ಟುಹೋಗುತ್ತವೆ. ಸೈನ್ಯ ತಿಂಗಳುಗಟ್ಟಲೆ ನಡೆಯುತ್ತದೆ, ಅಡುಗೆ ಮಾಡುವವರು ಒಬ್ಬರೂ ಇಲ್ಲ. ಕುದುರೆ ಓಡುತ್ತಲೇ ಇರುತ್ತದೆ, ಅದಕ್ಕೆ ನೀರು ಕುಡಿಸುವವರಿಲ್ಲ. ಅಂಥವನ್ನು ಮುಚ್ಚಿಟ್ಟು ಮುಂದಿನದಕ್ಕೆ ಹೋದೆ. ಹತ್ತು ಸಂಪುಟದ ಸರಣಿಗಳಿಗೂ ಇದೇ ಅಳತೆ. ಮೊದಲ ಪುಸ್ತಕ ಮುಗಿದಮೇಲೆ ಆ ಊರಿನ ಬದುಕು ನನ್ನನ್ನು ಇನ್ನೂ ಕಾಡುತ್ತಿದ್ದರೆ ಮಾತ್ರ ಎರಡನೆಯದು.

ಟೋಲ್ಕಿನ್ ಅವರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಬಗ್ಗೆ ನನಗೆ ಅನುಮಾನ ಇತ್ತು. 1954-55ರಲ್ಲಿ ಮೂರು ಭಾಗವಾಗಿ ಬಂದ ಪುಸ್ತಕ. ಸಿನಿಮಾದಲ್ಲಿ ಖಳನ ನಾಡಾದ ಮೋರ್ಡೋರ್ ಅಂದರೆ ಬೂದಿ, ಬೆಂಕಿ, ಕಲ್ಲು. ಅಲ್ಲಿ ಲಕ್ಷಾಂತರ ಸೈನಿಕರು ತಿನ್ನುವುದಾದರೂ ಏನನ್ನು? ಈ ಪುಸ್ತಕಕ್ಕೆ ಬಲಗಡೆ ಪುಟ ಖಾಲಿಯೇ ಉಳಿಯುತ್ತೆ ಅಂದುಕೊಂಡಿದ್ದೆ. ಆದರೆ ಟೋಲ್ಕಿನ್ ಉತ್ತರ ಬರೆದೇ ಇಟ್ಟಿದ್ದಾರೆ. ಕಥೆಯ ನಾಯಕ ಫ್ರೋಡೊ, ಅವನ ಜೊತೆಗಾರ ಸ್ಯಾಮ್ ಇಬ್ಬರೂ ಬೂದಿನೆಲದಲ್ಲಿ ಕಾಲೆಳೆಯುತ್ತಿರುವಾಗ ಬರುವ ಒಂದೆರಡು ಸಾಲು ಅದು. ಬಹಳ ಜನ ದಾಟಿಕೊಂಡು ಹೋಗಿಬಿಡುತ್ತಾರೆ. ದಕ್ಷಿಣಕ್ಕೆ, ನೂರ್ನೆನ್ ಎಂಬ ಸರೋವರದ ಸುತ್ತ, ಗುಲಾಮರು ದುಡಿಯುವ ದೊಡ್ಡ ದೊಡ್ಡ ಹೊಲಗಳಿವೆ ಅಂತ ಅಲ್ಲಿ ಹೇಳುತ್ತಾರೆ. ಆ ಸೈನ್ಯದ ಹಿಂದೆ ಕಣ್ಣಿಗೆ ಕಾಣದ ಸಾವಿರಾರು ರೈತರು ಇದ್ದಾರೆ.

ಯುದ್ಧ ಮುಗಿದಮೇಲೆ ಏನಾಯಿತು ಅಂತ ನೋಡಿದೆ. ಪಟ್ಟಕ್ಕೆ ಬಂದ ಅರಗಾರ್ನ್ ಆ ಗುಲಾಮರನ್ನು ಬಿಡುಗಡೆ ಮಾಡಿ, ನೂರ್ನೆನ್ ಸುತ್ತಲಿನ ಜಮೀನನ್ನೆಲ್ಲ ಅವರಿಗೇ ಕೊಡುತ್ತಾನೆ. ಒಂದೇ ವಾಕ್ಯ. ಅಲ್ಲಿ ನಾನು ಪುಸ್ತಕ ಮುಚ್ಚಿ ಕಿಟಕಿಯಾಚೆ ನೋಡುತ್ತಾ ಕೂತುಬಿಟ್ಟೆ. ನಮ್ಮ ತಾತ ಗೇಣಿಗೆ ಉಳುತ್ತಿದ್ದವರು. ದೇವರಾಜ ಅರಸು ಅವರ ಕಾಲದಲ್ಲಿ, 1974ರಲ್ಲಿ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂದಮೇಲೆ, ಏಳನೇ ನಂಬರ್ ಫಾರಂ ತುಂಬಿ, ಭೂ ನ್ಯಾಯಮಂಡಳಿಗೆ ಅಲೆದು, ಉಳುತ್ತಿದ್ದ ನೆಲವನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡರು. ನಾನು ಓದಿದ್ದು ಆ ನೆಲದ ದುಡಿಮೆಯಲ್ಲಿ. ಮನೆಗೆ ಬಂದು ಹೇಳಿದರೆ ಅಪ್ಪನ ಮುಖ ಅರಳಿತು. “ಹಂಗಾದ್ರೆ ಉಳೋನಿಗೇ ಭೂಮಿ ಕೊಟ್ಟ ಅನ್ನು” ಅಂದರು. ಆ ವಾಕ್ಯ ಎಲ್ಲಿದೆ ತೋರಿಸು ಅಂತ ಕೇಳಿದರು. ತೋರಿಸಿದೆ. ಇಂಗ್ಲಿಷ್ ಬರದಿದ್ದರೂ ಆ ಸಾಲಿನ ಮೇಲೆ ಬೆರಳಾಡಿಸಿ ನೋಡಿದರು.

ಐಸಾಕ್ ಆಸಿಮೋವ್ ಅವರ ‘ಫೌಂಡೇಶನ್’ 1951ರದು. ಗಣಿತದಿಂದ ಇಡೀ ಸಮಾಜದ ಭವಿಷ್ಯ ಹೇಳುವ ಶಾಸ್ತ್ರ ಅದರ ಹೂರಣ. ಅದನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಹಿಡಿಸಿದ್ದು ಟ್ರಾಂಟರ್ ಎನ್ನುವ ರಾಜಧಾನಿಯ ವಿವರ. ಇಡೀ ಗ್ರಹವೇ ಒಂದು ನಗರ. ಜನಸಂಖ್ಯೆ 4,000 ಕೋಟಿಗೂ ಹೆಚ್ಚು. ಅವರ ಊಟಕ್ಕೆ 20 ಕೃಷಿ ಗ್ರಹಗಳಿಂದ ದಿನಾ ಹತ್ತಾರು ಸಾವಿರ ಹಡಗು ಬರಬೇಕು. ಹೀಗೆ ಹೊರಗಿನವರನ್ನೇ ನಂಬಿಕೊಂಡಿದ್ದರಿಂದ ಮುತ್ತಿಗೆ ಹಾಕಿದರೆ ಸಾಕು, ಊರು ಮಣಿಯುತ್ತದೆ ಅಂತಲೂ ಆಸಿಮೋವ್ ಬರೆದಿದ್ದಾರೆ. ಬೆಂಗಳೂರಿಗೆ ಕಾವೇರಿ ನೀರು ಪಂಪ್ ಆಗಿ ಹೋಗುವುದು ನಮ್ಮ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ, ಸುಮಾರು 100 ಕಿಲೋಮೀಟರ್ ದೂರ, ಎತ್ತರಕ್ಕೆ ಏರಿಸಿ ಏರಿಸಿ. ಮಳವಳ್ಳಿಯವರಿಗೆ ಟ್ರಾಂಟರ್ ಅರ್ಥವಾಗಲು ಇನ್ನೇನು ಬೇಕು? ಆದರೆ ಆ ಇಪ್ಪತ್ತು ಗ್ರಹಗಳ ಒಬ್ಬ ರೈತನನ್ನೂ ಆಸಿಮೋವ್ ಪುಸ್ತಕದೊಳಗೆ ಕರೆದು ಮಾತಾಡಿಸುವುದಿಲ್ಲ. ಅದು ನನಗೆ ಕೊರತೆ ಅನ್ನಿಸಿತು, ಈಗಲೂ ಅನ್ನಿಸುತ್ತದೆ.

ಆ ವರ್ಷ ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಅಲುಗಾಡಿಸಿದ ಪುಸ್ತಕ ತುಂಬಾ ಚಿಕ್ಕದು. ಉರ್ಸುಲಾ ಲೆ ಗ್ವಿನ್ ಅವರ ‘ಎ ವಿಝರ್ಡ್ ಆಫ್ ಅರ್ತ್‌ಸೀ’, 1968. ಕಡಲ ತುಂಬ ದ್ವೀಪಗಳು. ಗೆಡ್ ಎನ್ನುವ ಮೇಕೆ ಕಾಯುವ ಹುಡುಗ ಮಂತ್ರ ಕಲಿಯಲು ರೋಕ್ ದ್ವೀಪದ ಶಾಲೆಗೆ ಹೋಗುತ್ತಾನೆ. ಅವನದು ಕಂದು ಮೈಬಣ್ಣ. ಅದು ಲೆ ಗ್ವಿನ್ ಬೇಕೆಂದೇ ಮಾಡಿದ ಆಯ್ಕೆ. ಮುಂದೆ ಟೀವಿಯಲ್ಲಿ ಅವನನ್ನು ಬಿಳಿಯನನ್ನಾಗಿ ತೋರಿಸಿದಾಗ ಅವರು ಬಹಿರಂಗವಾಗಿ ಬೇಸರ ಹೇಳಿಕೊಂಡರು. ಆ ಶಾಲೆಯಲ್ಲಿ ಗಾಳಿ, ಮಳೆ ಕರೆಯುವ ವಿದ್ಯೆ ಇದೆ. ಆದರೆ ದೊಡ್ಡ ಗುರುಗಳು ಸುಮ್ಮಸುಮ್ಮನೆ ಅದನ್ನು ಬಳಸುವುದಿಲ್ಲ. ಒಬ್ಬ ಗುರು ಗೆಡ್‌ಗೆ ಎಚ್ಚರಿಕೆ ಹೇಳುತ್ತಾನೆ. ರೋಕ್‌ನಲ್ಲಿ ತರಿಸಿದ ಮಳೆ ಆಸ್ಕಿಲ್‌ನಲ್ಲಿ ಬರವಾಗಬಹುದು ಎನ್ನುವ ಮಾತು ಅದು.

ನಾನು ಹುಟ್ಟಿದಾಗಿನಿಂದ ಕಾವೇರಿ ಗಲಾಟೆ ನೋಡಿಕೊಂಡೇ ಬೆಳೆದವಳು. ಹೆದ್ದಾರಿ ಬಂದ್, ರೈಲು ತಡೆ, ಸಂಜಯ ಸರ್ಕಲ್‌ನಲ್ಲಿ ಧರಣಿ. ಅಪ್ಪನ ಜೊತೆ ಕೂತವಳು ನಾನು. ನಮ್ಮ ಗದ್ದೆ ಒಣಗುವಾಗ ಕೂರಲೇಬೇಕು, ಈಗಲೂ ಕೂರುತ್ತೇನೆ. ಆದರೆ ಆ ಮಾತು ಓದಿದಮೇಲೆ ತಂಜಾವೂರಿನ ಕಡೆಯ ರೈತ ಕಣ್ಮುಂದೆ ಬಂದ. ನಾಲೆಯಲ್ಲಿ ನಮ್ಮಪ್ಪ ಎಲ್ಲಿದ್ದಾರೋ ಹೊಳೆಯಲ್ಲಿ ಅವನೂ ಅಲ್ಲೇ ಇದ್ದಾನೆ, ಕೊನೆ ಭಾಗದಲ್ಲಿ. ಅವನ ಮನೆಯಲ್ಲೂ ಬೆಳಗ್ಗೆ ಪೇಪರಿನಲ್ಲಿ ಮೊದಲು ಅಣೆಕಟ್ಟೆಯ ಮಟ್ಟವನ್ನೇ ನೋಡುತ್ತಾರೆ ಅಲ್ವಾ? ಇದನ್ನು ಯಾವ ಭಾಷಣವೂ ನನಗೆ ಹೇಳಿಕೊಟ್ಟಿರಲಿಲ್ಲ. ಹೇಳಿದ್ದರೂ ಸಿಟ್ಟು ಬರುತ್ತಿತ್ತು. ಇರದ ದ್ವೀಪವೊಂದರ ಮಳೆ ಹೇಳಿದ್ದಕ್ಕೆ ಕೇಳಿಸಿಕೊಂಡೆ. ಫ್ಯಾಂಟಸಿ ಓದುವುದು ಬದುಕಿನಿಂದ ಓಡಿಹೋಗುವುದು ಅನ್ನುವವರಿಗೆ ನಾನು ಈ ಪುಟವನ್ನು ತೋರಿಸುತ್ತೇನೆ.

ನನ್ನ ಪ್ರಶ್ನೆ ಕೆಲಸಕ್ಕೇ ಬಾರದ ಒಂದು ಪುಸ್ತಕವೂ ಸಿಕ್ಕಿತು. ಆರ್ಥರ್ ಸಿ. ಕ್ಲಾರ್ಕ್ ಅವರ ‘ರಾಂದೆವೂ ವಿತ್ ರಾಮ’, 1973. ಸೂರ್ಯನ ಕಡೆಗೆ ಒಂದು ದೊಡ್ಡ ವಸ್ತು ಬರುತ್ತದೆ. ಗ್ರೀಕ್, ರೋಮನ್ ದೇವತೆಗಳ ಹೆಸರೆಲ್ಲ ಮುಗಿದುಹೋಗಿ ಖಗೋಳಶಾಸ್ತ್ರಜ್ಞರು ಹಿಂದೂ ದೇವರ ಹೆಸರುಗಳಿಗೆ ಬಂದಿರುತ್ತಾರೆ, ಹಾಗಾಗಿ ಅದಕ್ಕೆ ರಾಮ ಅಂತ ಹೆಸರು. ಹತ್ತಿರ ಹೋದರೆ ಅದು 50 ಕಿಲೋಮೀಟರ್ ಉದ್ದದ ಟೊಳ್ಳು ಸಿಲಿಂಡರ್. ಒಳಗೆ ಯಾರೂ ಉಣ್ಣುತ್ತಿಲ್ಲ, ಯಾರೂ ಉಳುತ್ತಿಲ್ಲ. ಆದರೂ ಇದನ್ನು ಬಿಡಲಾಗಲಿಲ್ಲ. ಅದರಲ್ಲಿರುವ ಫಿಸಿಕ್ಸ್ ಅಷ್ಟು ಚೊಕ್ಕ.

ಅದನ್ನು ಸೀದಾ ಕ್ಲಾಸಿಗೆ ಒಯ್ದೆ. ವೃತ್ತಚಲನೆಯ ಪಾಠ ನಡೆಯುತ್ತಿತ್ತು. ಸಿಲಿಂಡರ್ ನಾಲ್ಕು ನಿಮಿಷಕ್ಕೆ ಒಂದು ಸುತ್ತು ತಿರುಗುತ್ತದೆ, ಒಳಗಿನ ವ್ಯಾಸ 16 ಕಿಲೋಮೀಟರ್, ಒಳಗೋಡೆಯ ಮೇಲೆ ನಿಂತವರಿಗೆ ಎಷ್ಟು ತೂಕ ಅನ್ನಿಸುತ್ತೆ ಅಂತ ಬೋರ್ಡಿನ ಮೇಲೆ ಬರೆದೆ. ಒಮೆಗಾ, ಅಂದರೆ ತಿರುಗುವ ಕೋನವೇಗ, ಅದರ ವರ್ಗವನ್ನು ತ್ರಿಜ್ಯದಿಂದ ಗುಣಿಸಿದರೆ ಸೆಕೆಂಡಿನ ವರ್ಗಕ್ಕೆ ಸುಮಾರು 5.5 ಮೀಟರ್ ಬರುತ್ತದೆ. ಭೂಮಿಯ 9.8ರ ಮುಂದೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಹಿಂದಿನ ಬೆಂಚಿನವರೂ ಲೆಕ್ಕ ಮಾಡಿದರು. ಆಮೇಲೆ ಇನ್ನೊಂದು ಕೊಟ್ಟೆ. ರಾಮದ ನಡುವೆ ಉಂಗುರದ ಆಕಾರದ ಒಂದು ಸಮುದ್ರ ಇದೆ. ಅದರ ಉತ್ತರದ ದಡ 50 ಮೀಟರ್ ಎತ್ತರ, ದಕ್ಷಿಣದ ದಡ 500 ಮೀಟರ್. ಯಾಕೆ? ತುಂಬಾ ಹೊತ್ತು ಯಾರೂ ಮಾತಾಡಲಿಲ್ಲ. ಕೊನೆಗೆ ದಿನಾ ಬಸ್ಸಲ್ಲಿ ಬರುವ ಹುಡುಗಿಯೊಬ್ಬಳು ಎದ್ದಳು. “ಮಿಸ್, ಬಸ್ಸು ಹೊರಟಾಗ ಬಿಂದಿಗೆ ನೀರು ಹಿಂದಕ್ಕೆ ಚೆಲ್ಲಲ್ವಾ, ಹಂಗೆ. ಅದು ಉತ್ತರಕ್ಕೆ ಓಡಕ್ಕೆ ಶುರು ಮಾಡಿದ್ರೆ ಸಮುದ್ರ ದಕ್ಷಿಣದ ಕಡೆ ಏರುತ್ತೆ.” ಕ್ಲಾರ್ಕ್ ಕೊಟ್ಟ ಉತ್ತರವೂ ಅದೇ. ಆ ದಡ ನೋಡಿಯೇ ಈ ವಸ್ತುವಿಗೆ ಎಂಜಿನ್ ಇದೆ ಅಂತ ತಿಳಿಯಬಹುದು! ಪುಸ್ತಕ ಆಮೇಲೆ ಆ ಹುಡುಗಿಯ ಮನೆಗೇ ಹೋಯಿತು.

ಎನ್.ಕೆ. ಜೆಮಿಸಿನ್ ಅವರ ‘ದಿ ಫಿಫ್ತ್ ಸೀಸನ್’ 2015ರಲ್ಲಿ ಬಂತು. ಆ ಮೂರು ಪುಸ್ತಕಗಳ ಸರಣಿಗೆ 2016, 2017, 2018 ಸತತವಾಗಿ ಹ್ಯೂಗೊ ಪ್ರಶಸ್ತಿ ಬಂದಿದೆ. ಅಲ್ಲಿ ಭೂಮಿ ಆಗಾಗ ಸಿಡಿಯುತ್ತದೆ, ಬೂದಿ ಮುಚ್ಚಿ ವರ್ಷಗಟ್ಟಲೆ ಬೆಳೆ ಇರುವುದಿಲ್ಲ. ಪ್ರತಿ ಊರೂ ದವಸದ ಉಗ್ರಾಣ ಇಟ್ಟುಕೊಳ್ಳಲೇಬೇಕು. ಓದುವಾಗ ನಮ್ಮೂರಿನ ಹಗೇವು ನೆನಪಾಯಿತು. ಅಪ್ಪ ಚಿಕ್ಕವರಿದ್ದಾಗ ರಾಗಿಯನ್ನು ನೆಲದಡಿಯ ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚುತ್ತಿದ್ದರಂತೆ. ವರ್ಷಗಳಾದರೂ ಹುಳ ಬೀಳುತ್ತಿರಲಿಲ್ಲ. ಒಳಗಿನ ಆಮ್ಲಜನಕ ತೀರಿಹೋದರೆ ಹುಳ ಬದುಕುವುದು ಹೇಗೆ? ಅದೇ ಕಾರಣಕ್ಕೆ, ತೆಗೆದ ಕೂಡಲೇ ಮನುಷ್ಯರೂ ಇಳಿಯುವಂತಿಲ್ಲ. ಬಾಯಿ ತೆರೆದು ಬಿಟ್ಟು, ದೀಪ ಇಳಿಸಿ, ಅದು ಆರದಿದ್ದರೆ ಮಾತ್ರ ಇಳಿಯುತ್ತಿದ್ದರು. ಇಂಥದ್ದೆಲ್ಲ ಇಟ್ಟುಕೊಂಡು ಕನ್ನಡದಲ್ಲೇ ಯಾರಾದರೂ ದೊಡ್ಡ ಕಾದಂಬರಿ ಬರೆಯಬೇಕು ಅಂತ ನನಗೆ ತುಂಬಾ ಆಸೆ. ದಾರಿ ಇಲ್ಲದೆ ಏನಿಲ್ಲ. ರಾಜಶೇಖರ ಭೂಸನೂರಮಠ ಅವರು ಕನ್ನಡದಲ್ಲಿ ವೈಜ್ಞಾನಿಕ ಕಾದಂಬರಿ ಬರೆದವರು. ತೇಜಸ್ವಿಯವರ 1980ರ ‘ಕರ್ವಾಲೊ’ ಸೈನ್ಸ್ ಫಿಕ್ಷನ್ ಅಲ್ಲ. ಆದರೆ ಹಾರುವ ಓತಿಯ ಹಿಂದೆ ಹೊರಟ ಆ ಗುಂಪಿನಲ್ಲಿ ಇರುವ ಬೆರಗು ಇದೇ ಜಾತಿಯದು. ಆ ವರ್ಷ ಮುಗಿಯುವ ಹೊತ್ತಿಗೆ ಅದನ್ನು ಮತ್ತೆ ಓದಿದೆ, ಮೊದಲಿಗಿಂತ ದೊಡ್ಡದಾಗಿ ಕಂಡಿತು.

ಎಲ್ಲಿಂದ ಶುರು ಮಾಡಲಿ ಅಂತ ಸ್ಟಾಫ್ ರೂಮಿನಲ್ಲಿ ಈಗ ಕೇಳುತ್ತಾರೆ. ನಾನು ಮೊದಲು ಕೈಗೆ ಕೊಡುವುದು ‘ಸುಲ್ತಾನಾಸ್ ಡ್ರೀಮ್’. ಬಂಗಾಳದ ರೊಕೆಯಾ ಸಖಾವತ್ ಹುಸೇನ್ ಇಂಗ್ಲಿಷ್‌ನಲ್ಲೇ ಬರೆದು, 1905ರಲ್ಲಿ ಮದ್ರಾಸಿನ ಮಹಿಳಾ ಪತ್ರಿಕೆಯೊಂದರಲ್ಲಿ ಅಚ್ಚಾದ ಕಥೆ. ಒಂದು ಸಂಜೆಗೆ ಮುಗಿಯುತ್ತದೆ. ಹೆಂಗಸರೇ ನಡೆಸುವ ಆ ದೇಶದಲ್ಲಿ ಒಂದು ವಿಶ್ವವಿದ್ಯಾಲಯದವರು ಬಲೂನಿಗೆ ಕೊಳವೆ ಜೋಡಿಸಿ ಮೋಡಕ್ಕಿಂತ ಮೇಲೆ ತೇಲಿಬಿಟ್ಟು ಬೇಕಾದಷ್ಟು ನೀರು ಇಳಿಸಿಕೊಳ್ಳುತ್ತಾರೆ. ಇನ್ನೊಂದು ವಿಶ್ವವಿದ್ಯಾಲಯದವರು ಬಿಸಿಲಿನ ಶಾಖವನ್ನು ಹಿಡಿದಿಡುತ್ತಾರೆ. 120 ವರ್ಷದ ಹಿಂದೆ ಒಬ್ಬ ಹೆಣ್ಣುಮಗಳು ಪರದೆಯ ಹಿಂದೆ ಕೂತು ಇದನ್ನು ಬರೆದಳು! ಅದಾದಮೇಲೆ ಅರ್ತ್‌ಸೀ ಓದಿ. ‘ಡ್ಯೂನ್’ ಮೂರನೆಯದಾಗಿರಲಿ. ಅದರ ಹಿಂದೆ ಉದ್ದನೆಯ ಪದಕೋಶ ಇದೆ, ಮೊದಲ ಸಲ ಅದನ್ನು ತೆಗೆಯಲೇಬೇಡಿ. ಮೊದಲ ನೂರು ಪುಟಕ್ಕೆ ಒಂದು ವಾರ ಕೊಡಿ, ಮುಂದಕ್ಕೆ ಅದೇ ಕರೆದುಕೊಂಡು ಹೋಗುತ್ತದೆ.